ಚಾಮುಂಡಿ ಮೆಟ್ಟಿಲಿನಿಂದ ಎವರೆಸ್ಟ್ ಬೇಸ್ ಕ್ಯಾಂಪಿಗೆ: ನಮ್ಮ ಐದು ತಿಂಗಳ ತಯಾರಿ

ಬೆಳಗಿನ ಐದೂವರೆ. ಮೈಸೂರು ಇನ್ನೂ ಎದ್ದಿಲ್ಲ. ಇದು ಚಾಮುಂಡಿ ಬೆಟ್ಟದ ಪಾದ. ನನ್ನ ಬೆನ್ನ ಮೇಲಿನ ಬ್ಯಾಗಿನಲ್ಲಿ ಏಳು ಕೆಜಿ ರಾಗಿ ಇದೆ. ನವೆಂಬರ್‌ನಲ್ಲಿ ಮೂರು ಕೆಜಿಯಿಂದ ಶುರು ಮಾಡಿದ್ದೆ.

ವಾರಕ್ಕೆ ಮೂರು ದಿನ ಈ ಸಾವಿರ ಚಿಲ್ಲರೆ ಮೆಟ್ಟಿಲು ಹತ್ತುತ್ತೇನೆ. ಏಪ್ರಿಲ್‌ನಲ್ಲಿ ನಾನು ಮತ್ತು ಅಣ್ಣ ನೇಪಾಳಕ್ಕೆ ಹೊರಡುತ್ತೇವೆ. ಎವರೆಸ್ಟ್ ಬೇಸ್ ಕ್ಯಾಂಪ್, 5,364 ಮೀಟರ್.

ಈ ಸಲ ಇಷ್ಟು ತಯಾರಿ ಯಾಕೆ ಅಂದರೆ, ಮೂರು ವರ್ಷದ ಹಿಂದಿನ ಒಂದು ವಿಷಯ ಹೇಳಬೇಕು. ಆಗ ಲಡಾಖಿಗೆ ಹೋಗಿದ್ದೆ. ವಿಮಾನದಲ್ಲಿ ನೇರವಾಗಿ ಲೇಹ್‌ಗೆ ಇಳಿದೆ. ಲೇಹ್ ಊರೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಮಾರನೆಯ ದಿನವೇ ಕಾರಿನಲ್ಲಿ 5,359 ಮೀಟರ್ ಎತ್ತರದ ಖಾರ್ದುಂಗ್ ಲಾಗೆ ಹೊರಟೆವು. ಹಿಂದಿನ ರಾತ್ರಿಯಿಂದಲೇ ನನಗೆ ತಲೆ ಸಿಡಿಯುತ್ತಿತ್ತು. ಹೇಳಿದರೆ ಎಲ್ಲರ ಖುಷಿ ಹಾಳಾಗುತ್ತದೆ ಅಂತ ಸುಮ್ನೆ ಇದ್ದೆ. ಮೇಲೆ ಹೋಗಿ ಕಾರಿನಿಂದ ಇಳಿದರೆ ನೆಟ್ಟಗೆ ನಿಲ್ಲೋಕೂ ಆಗಲಿಲ್ಲ. ವಾಂತಿ. ಜೊತೆಯವರು ತಕ್ಷಣ ಕೆಳಗೆ ಕರೆತಂದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ ಮೇಲೆ ಡಾಕ್ಟರ್ ಕೇಳಿದ್ದು ಒಂದೇ ಮಾತು. ತಲೆನೋವು ಶುರುವಾದಾಗಲೇ ಯಾಕೆ ಹೇಳಲಿಲ್ಲ?

ಆಗ ನಾನು ದಿನಾ ಓಡುತ್ತಿದ್ದೆ. ಮೈ ಗಟ್ಟಿಯಾಗಿತ್ತು. ಆದರೆ ಎತ್ತರ ಅದನ್ನು ನೋಡುವುದೇ ಇಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಾ ಕಡೆ ಸುಮಾರು 21 ಶೇಕಡವೇ. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಬೇಸ್ ಕ್ಯಾಂಪಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಹೆಚ್ಚುಕಡಿಮೆ ಅರ್ಧ. ಅದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ದಿನಗಳು ಬೇಕು.

ನಮ್ಮ ರಾಜ್ಯದಲ್ಲಿ ಅದನ್ನು ಅಭ್ಯಾಸ ಮಾಡಲು ಜಾಗವೇ ಇಲ್ಲ. ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ, 1,930 ಮೀಟರ್. ನಮ್ಮ ಚಾರಣ ಶುರುವಾಗುವ ಲುಕ್ಲಾ ಅದಕ್ಕಿಂತ ಒಂಬೈನೂರು ಮೀಟರ್ ಮೇಲಿದೆ. ಇಲ್ಲಿ ಕಾಲನ್ನು ತಯಾರು ಮಾಡಬಹುದು, ಉಸಿರನ್ನು ಹದಕ್ಕೆ ತರಬಹುದು, ಅಷ್ಟೇ.

ಕಾಲಿನ ವಿಷಯದಲ್ಲಿ ನಾನು ಕಲಿತದ್ದು ಇಳಿಯುವುದನ್ನು. ಮೊದಲು ಮೆಟ್ಟಿಲು ಹತ್ತಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಡಿಸೆಂಬರ್‌ನಲ್ಲಿ ಕುಕ್ಕೆಯಿಂದ ಕುಮಾರಪರ್ವತ ಹತ್ತಿ ಇಳಿದಾಗ ತೊಡೆ ನಡುಗಿಹೋಯಿತು. ಒಂದೂವರೆ ಸಾವಿರ ಮೀಟರಿಗಿಂತ ಜಾಸ್ತಿ ಇಳಿಜಾರು ಅದು. ಅವತ್ತಿನಿಂದ ಬಸ್ಸು ಬಿಟ್ಟೆ.

ಇಲ್ಲಿ ನೋಡಿ, ದೊಡ್ಡ ನಂದಿಯ ಹತ್ತಿರ. ಈ ಅಜ್ಜಿ ಹರಕೆ ಹೊತ್ತಿದ್ದಾರೆ. ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾರೆ, ಒಂದು ಉಸಿರು ತೆಗೆದುಕೊಳ್ಳುತ್ತಾರೆ, ಮುಂದಿನ ಮೆಟ್ಟಿಲು. ಮೇಲೆ ಸಿಕ್ಕಾಗ ಅವರು ಏದುಸಿರು ಬಿಡುತ್ತಿರಲಿಲ್ಲ. ನಾನು ಬಿಡುತ್ತಿದ್ದೆ. ಈಗ ಹತ್ತುವಾಗ ಪಕ್ಕದವರ ಜೊತೆ ಮಾತಾಡಲು ಆಗುವಷ್ಟೇ ನಿಧಾನಕ್ಕೆ ಹತ್ತುತ್ತೇನೆ. ಮಾತು ತುಂಡಾದರೆ ವೇಗ ಇಳಿಸುತ್ತೇನೆ.

ಇನ್ನು ದಿನಗಳ ಲೆಕ್ಕ. ನಾನೂ ಅಣ್ಣನೂ ಜಾಸ್ತಿ ತಲೆ ಕೆಡಿಸಿಕೊಂಡದ್ದು ಇದಕ್ಕೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಒಂದು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಮೇಲೆ ಹೋಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇನ್ನೊಂದು ರಾತ್ರಿ. ಹಗಲು ಎಷ್ಟು ಹತ್ತಿದೆವು ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದೆವು ಅನ್ನುವುದು ಮುಖ್ಯ.

ತುಂಬಾ ಜನ ಮೊದಲ ರಾತ್ರಿ 2,610 ಮೀಟರಿನ ಫಾಕ್‌ಡಿಂಗ್‌ನಲ್ಲಿ ಮಲಗಿ ಮಾರನೆಯ ದಿನ 3,440 ಮೀಟರಿನ ನಾಮ್ಚೆ ಬಜಾರಿಗೆ ಏರುತ್ತಾರೆ. ಒಂದೇ ದಿನಕ್ಕೆ 830 ಮೀಟರ್. ನಾವು ಸ್ವಲ್ಪ ಮುಂದೆ ಮೊಂಜೋದಲ್ಲಿ ಮಲಗುತ್ತೇವೆ. ಆಗ ಏರು ಸುಮಾರು 600ಕ್ಕೆ ಇಳಿಯುತ್ತದೆ. ನಾಮ್ಚೆಯಲ್ಲಿ ಎರಡು ರಾತ್ರಿ ಬದಲು ಮೂರು. 4,410 ಮೀಟರಿನ ಡಿಂಗ್ಬೋಚೆಯಲ್ಲೂ ಮೂರು. ಆ ದಿನಗಳಲ್ಲಿ ಕೈಕಟ್ಟಿ ಕೂರುವುದಿಲ್ಲ. ಹಗಲು ಮೇಲಿನ ಗುಡ್ಡ ಹತ್ತಿ, ರಾತ್ರಿ ಮಲಗಲು ಕೆಳಗೆ ಬರುತ್ತೇವೆ. ಕೊನೆಗೆ ಎರಡು ದಿನ ಖಾಲಿ ಬಿಟ್ಟಿದ್ದೇವೆ. ಮೋಡ ಕವಿದರೆ ಲುಕ್ಲಾದಿಂದ ವಿಮಾನ ಹಾರುವುದಿಲ್ಲ. ಇಷ್ಟು ರಜೆ ಕೂಡಿಡಲು ಇಬ್ಬರಿಗೂ ಒಂದು ವರ್ಷ ಹಿಡಿಯಿತು.

ಬ್ಯಾಗಿನ ವಿಷಯ ಬೇಗ ಹೇಳಿಬಿಡುತ್ತೇನೆ. ಹತ್ತಿ ಬಟ್ಟೆ ಬೇಡ. ಬೆವರಿಗೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಚಳಿ ಹಿಡಿಯುತ್ತದೆ. ಒಳಗೆ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಡೌನ್ ಜಾಕೆಟ್, ಗಾಳಿ ಮಳೆಗೆ ಇನ್ನೊಂದು. ಶೂ ನವೆಂಬರಿನದ್ದೇ, ಕಾಲಿಗೆ ಒಗ್ಗಿದೆ. ಕ್ಯಾಮೆರಾ ಬ್ಯಾಟರಿ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ, ಚಳಿಗೆ ಬೇಗ ಖಾಲಿಯಾಗುತ್ತದೆ. ಅಮ್ಮ ಎರಡು ಡಬ್ಬ ಚಟ್ನಿಪುಡಿ ಇಟ್ಟಿದ್ದಾರೆ. ಅಷ್ಟು ಎತ್ತರದಲ್ಲಿ ಹಸಿವೇ ಆಗುವುದಿಲ್ಲವಂತೆ. ದಾಲ್ ಭಾತ್ ಜೊತೆ ಮನೆಯ ರುಚಿ ಇದ್ದರೆ ನಾಲ್ಕು ತುತ್ತು ಇಳಿಯುತ್ತದೆ ಅಲ್ವಾ? ನಮ್ಮಿಬ್ಬರ ಸಾಮಾನು ಹೊರಲು ಒಬ್ಬ ಪೋರ್ಟರ್ ಇರುತ್ತಾರೆ. ಅದಕ್ಕೇ ಪ್ರತಿ ವಸ್ತುವನ್ನೂ ತಕ್ಕಡಿಗೆ ಹಾಕಿ ನೋಡುತ್ತಿದ್ದೇನೆ. ಅವರ ವಿಮೆ ಮತ್ತು ಬೆಚ್ಚಗಿನ ಬಟ್ಟೆಯ ಬಗ್ಗೆ ಮೊದಲೇ ಕೇಳಿ ಖಚಿತ ಮಾಡಿಕೊಂಡೆವು. ನೀವೂ ಕೇಳಿ.

ಅಣ್ಣನಿಗೆ ಬಿಪಿ ಇದೆ. ಇಬ್ಬರೂ ಡಾಕ್ಟರ್ ಹತ್ತಿರ ಹೋಗಿಬಂದೆವು. ಎತ್ತರದ ಕಾಯಿಲೆ ಬಾರದಂತೆ ಕೊಡುವ ಡೈಮಾಕ್ಸ್ ಮಾತ್ರೆಯ ಬಗ್ಗೆ ಅವರೇ ತೀರ್ಮಾನಿಸಿದರು. ಸಲ್ಫಾ ಅಲರ್ಜಿ ಇದೆಯಾ ಅಂತಲೂ ಕೇಳಿದರು. ಅಂಗಡಿಗೆ ಹೋಗಿ ನೀವೇ ತೆಗೆದುಕೊಳ್ಳಬೇಡಿ. ಆ ಮಾತ್ರೆ ನುಂಗಿದರೂ ನಿಧಾನಕ್ಕೇ ಏರಬೇಕು.

ನಾವಿಬ್ಬರು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಒಬ್ಬರಿಗೆ ತಲೆನೋವು, ವಾಕರಿಕೆ ಬಂದರೆ ಇಬ್ಬರೂ ಅಲ್ಲೇ ನಿಲ್ಲುವುದು. ಜಾಸ್ತಿಯಾದರೆ ಇಬ್ಬರೂ ಇಳಿಯುವುದು. ಕೂತಲ್ಲೇ ಉಸಿರು ಕಟ್ಟಿದರೆ, ಮಾತು ತೊದಲಿದರೆ, ನಡೆಯುವಾಗ ಓಲಾಡಿದರೆ, ರಾತ್ರಿಯಾಗಿದ್ದರೂ ಆಗಲೇ ಇಳಿಯುವುದು. ಅದಕ್ಕೇ ದಿನಾ ಊಟ ಆದ ಮೇಲೆ ಹಜಾರದ ಕೆಂಪು ನೆಲದ ಗೆರೆಯ ಮೇಲೆ ನಡೆಯುತ್ತೇವೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ, ಒಂದೊಂದೇ ಹೆಜ್ಜೆ. ಸರಿಯಾಗಿರುವಾಗ ಹೇಗೆ ನಡೆಯುತ್ತೇವೆ ಅನ್ನುವುದು ಇಬ್ಬರಿಗೂ ಗೊತ್ತಿರಲಿ ಅಂತ.

ಆಮೇಲೆ ಅಣ್ಣ ಕೇಳುತ್ತಾನೆ, "ತಲೆ ನೋಯ್ತಿದ್ಯೇನೇ ಪುಟ್ಟಿ?" ಮೊದಲ ವಾರವಿಡೀ ಯೋಚನೆ ಮಾಡದೆ "ಏನಿಲ್ಲ ಅಣ್ಣ" ಅಂದುಬಿಡುತ್ತಿದ್ದೆ. ನಿನ್ನೆ ಬಿಸಿಲಿನಲ್ಲಿ ಓಡಾಡಿ ಬಂದಿದ್ದೆ. ಅವನು ಕೇಳಿದಾಗ ಒಂದು ನಿಮಿಷ ತಡೆದು ಹೇಳಿದೆ. "ಹೂಂ ಅಣ್ಣ, ಮಧ್ಯಾಹ್ನದಿಂದ ನೋಯ್ತಿದೆ."

ಅಣ್ಣ ಪುಸ್ತಕ ತೆಗೆದು ತಾರೀಕು ಹಾಕಿ ಬರೆದುಕೊಂಡ.