ಯುವಿ ದೀಪ ಹಚ್ಚಿದರೆ ವಿಟಮಿನ್ ಡಿ ಬರುತ್ತಾ?

[ಬೆಳ್ಳಂದೂರು, ಗಾಜಿನ ಕಟ್ಟಡದ ಮುಂದೆ]

"ಕ್ಯಾಬ್, ಆಫೀಸ್, ಕ್ಯಾಬ್, ಮನೆ. ಬಿಸಿಲನ್ನು ಫೋನ್ ವಾಲ್‌ಪೇಪರ್‌ನಲ್ಲಷ್ಟೇ ನೋಡ್ತೀನಿ. ಯುವಿ ದೀಪ ತಗೊಳ್ಳಲಾ?" ವೀಕ್ಷಕರೊಬ್ಬರ ಪ್ರಶ್ನೆ ಇದು.

ಬೇಸಿಕ್ಸ್ ಬೇಗ ಮುಗಿಸೋಣ. ಯುವಿ ಅಂದರೆ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವುದು ಯುವಿಬಿ, ಅಂದರೆ ಸುಮಾರು 290ರಿಂದ 315 ನ್ಯಾನೋಮೀಟರ್ ಅಲೆಯ ಬೆಳಕು. ಕಿಟಕಿ ಗಾಜು ಅದನ್ನು ತಡೆಯುತ್ತದೆ. ಕಿಟಕಿ ಪಕ್ಕದ ಸೀಟಿಗೆ ಜಗಳ ಆಡಿದ್ದು ದಂಡ.

ದೀಪ ಕೆಲಸ ಮಾಡುತ್ತಾ? ಮಾಡುತ್ತದೆ. ನನಗೆ ತುಂಬಾ ಇಷ್ಟವಾದ ಕಥೆ ಕೇಳಿ.

[ಹಳೇ ಬರ್ಲಿನ್ ಫೋಟೋ]

1919. ಬರ್ಲಿನ್‌ನ ಮಕ್ಕಳ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ. ರಿಕೆಟ್ಸ್‌ನಿಂದ ಮೂಳೆ ಮೆತ್ತಗಾದ ಮಕ್ಕಳ ಮೇಲೆ ಪಾದರಸದ ದೀಪದ ಬೆಳಕು ಬಿಟ್ಟರು. ಮೂಳೆ ಗಟ್ಟಿಯಾಯಿತು. ಮಜಾ ಇರೋದು ಮುಂದೆ. ಒಂದೇ ಕೈಗೆ ಬೆಳಕು ಬಿಟ್ಟು ಎಕ್ಸ್‌ರೇ ತೆಗೆದರೆ, ಇನ್ನೊಂದು ಕೈಯೂ ವಾಸಿಯಾಗಿತ್ತು! ವಿಟಮಿನ್ ಡಿ ಅನ್ನೋ ಹೆಸರೇ ಆಗ ಹುಟ್ಟಿರಲಿಲ್ಲ.

ನಮ್ಮ ಮನೆ ಸಂಪ್ ನೆನಪಿಸಿಕೊಳ್ಳಿ. ಟ್ಯಾಂಕರ್ ನೀರು ಬೀಳುವುದು ಗೇಟಿನ ಹತ್ತಿರ, ಬರುವುದು ಮೂರನೇ ಮಹಡಿಯ ನಲ್ಲಿಯಲ್ಲಿ. ಚರ್ಮವೇ ಸಂಪ್, ರಕ್ತವೇ ಪೈಪ್. ಸಂಪ್ ತುಂಬಿದ ಮೇಲೂ ಟ್ಯಾಂಕರ್ ಪೈಪ್ ತೆಗೆಯದಿದ್ದರೆ? ನೀರು ರಸ್ತೆಗೆ, ಬೈಗುಳ ನಿಮಗೆ. ಚರ್ಮವೂ ಅಷ್ಟೇ. ಒಂದು ಮಟ್ಟ ದಾಟಿದ ಮೇಲೆ ಬೆಳಕು ಜಾಸ್ತಿಯಾದರೆ ವಿಟಮಿನ್ ಹೆಚ್ಚುವುದಿಲ್ಲ, ಚರ್ಮ ಸುಡುವುದಷ್ಟೇ ಹೆಚ್ಚುತ್ತದೆ.

ಟೈಮ್ ಆಗ್ತಿದೆ, ಉಳಿದದ್ದು ಒಟ್ಟಿಗೆ. ಎಲ್ಲ ಯುವಿ ದೀಪವೂ ಒಂದೇ ಅಲ್ಲ. ಮೈ ಕಂದು ಮಾಡಿಕೊಳ್ಳುವ ಟ್ಯಾನಿಂಗ್ ದೀಪದಲ್ಲಿ ಬಹುಪಾಲು ಯುವಿಎ, ಅಂದರೆ ವಿಟಮಿನ್ ಡಿ ಹುಟ್ಟಿಸದ ಉದ್ದ ಅಲೆಯ ಬೆಳಕು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಟ್ಯಾನಿಂಗ್ ಯಂತ್ರಗಳನ್ನು ತಂಬಾಕು ಇರುವ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುತ್ತವೆ ಅಂತ ಖಚಿತವಾದವುಗಳ ಪಟ್ಟಿಗೆ ಸೇರಿಸಿತು. ವಾಟರ್ ಫಿಲ್ಟರ್‌ನ 254 ನ್ಯಾನೋಮೀಟರ್ ದೀಪ ಕೀಟಾಣು ಕೊಲ್ಲೋಕೆ, ಅದಕ್ಕೆ ಮೈ ಕಣ್ಣು ಒಡ್ಡಲೇಬೇಡಿ. ಸೋರಿಯಾಸಿಸ್, ತೊನ್ನಿಗೆ ಚರ್ಮದ ಡಾಕ್ಟರು ಬಳಸುವ 311ರ ದೀಪಕ್ಕೂ ಕನ್ನಡಕ ಕಡ್ಡಾಯ, ಸಮಯ ಸೆಕೆಂಡು ಲೆಕ್ಕದಲ್ಲಿ ಶುರು. ಮೊದಲು ರಕ್ತ ಪರೀಕ್ಷೆ, ಡಾಕ್ಟರ ಮಾತು. ಬಿಸಿಲಿಗೆ ಚರ್ಮ ಉರಿಸುವ ಮಾತ್ರೆ ತಗೊಳ್ತಿದ್ದರೆ ಅದನ್ನೂ ಹೇಳಿ.

ನನ್ನ ಅಭಿಪ್ರಾಯ? ಈ ಊರಲ್ಲಿ ದೀಪಕ್ಕೆ ದುಡ್ಡು ಹಾಕೋದು ಸುಮ್ನೆ ದಂಡ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲೂ ಹನ್ನೊಂದರಿಂದ ಎರಡರವರೆಗೆ ನಿಮ್ಮ ನೆರಳು ನಿಮಗಿಂತ ಗಿಡ್ಡ. ಅಂದರೆ ಸೂರ್ಯ ಎತ್ತರದಲ್ಲಿದ್ದಾನೆ, ಆಗ ಯುವಿಬಿ ಚೆನ್ನಾಗಿ ಸಿಗುತ್ತದೆ. ಊಟದ ಬ್ರೇಕ್‌ನಲ್ಲಿ ಒಂದಿಷ್ಟು ನಿಮಿಷ, ಚರ್ಮ ಕೆಂಪಾಗೋ ಮೊದಲೇ ವಾಪಸ್.

ನಾನೀಗ ಟೆರೇಸ್‌ಗೆ ಹೊರಟೆ. ಸಂಡಿಗೆ ಒಣಹಾಕಿದ್ದಾರೆ, ಕಾಗೆ ಓಡಿಸೋ ಡ್ಯೂಟಿ ಇವತ್ತು ನಂದು.