ದಂಡ ಕಟ್ಟಿ ಕೈತೊಳೆದುಕೊಳ್ಳೋ ಕಂಪನಿಗಳು

15 ಲಕ್ಷ ರೂಪಾಯಿ. ಪರಿಸರ ಸಂರಕ್ಷಣಾ ಕಾಯಿದೆ ಮುರಿದ ಕಂಪನಿಗೆ ಇವತ್ತು ಒಂದು ಉಲ್ಲಂಘನೆಗೆ ಹಾಕಬಹುದಾದ ದಂಡದ ಮೇಲ್ಮಿತಿ ಇಷ್ಟೇ. ಕನಿಷ್ಠ 10 ಸಾವಿರ. ತಪ್ಪು ಮುಂದುವರಿದರೆ ದಿನಕ್ಕೆ ಇನ್ನೊಂದು 10 ಸಾವಿರ. ಮೊದಲು ಇದೇ ಕಾಯಿದೆಯಲ್ಲಿ 5 ವರ್ಷದವರೆಗೆ ಜೈಲು ಅಂತ ಇತ್ತು. 2023ರ ಜನ ವಿಶ್ವಾಸ ಕಾಯಿದೆ ಅದನ್ನ ತೆಗೆದುಹಾಕ್ತು. ಈಗ, ಹಾಕಿದ ದಂಡವನ್ನ 90 ದಿನದಲ್ಲಿ ಕಟ್ಟದೇ ಹೋದ್ರೆ ಮಾತ್ರ ಜೈಲಿನ ಮಾತು.

ಅದೇ 2023ರ ಆಗಸ್ಟ್‌ನಲ್ಲಿ ಅದೇ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನೂ ಪಾಸು ಮಾಡ್ತು. ಜನರ ಮಾಹಿತಿ ಸೋರದ ಹಾಗೆ ನೋಡಿಕೊಳ್ಳದ ಕಂಪನಿಗೆ ಅಲ್ಲಿ 250 ಕೋಟಿವರೆಗೆ ದಂಡ. ಫೋನ್ ನಂಬರು ಸೋರಿದ್ರೆ 250 ಕೋಟಿವರೆಗೆ, ಊರ ಕೆರೆಗೆ ರಾಸಾಯನಿಕ ಸೋರಿದ್ರೆ 15 ಲಕ್ಷದವರೆಗೆ. ದೊಡ್ಡ ಕಾರ್ಖಾನೆಯೊಂದಕ್ಕೆ ಕೊಳಚೆ ನೀರು ಶುದ್ಧೀಕರಣ ಘಟಕ ನಡೆಸೋ ವಿದ್ಯುತ್ತು, ರಾಸಾಯನಿಕ, ಸಿಬ್ಬಂದಿ ಖರ್ಚಿನ ಮುಂದೆ ಈ 15 ಲಕ್ಷ ಏನೂ ಅಲ್ಲ. ಘಟಕ ನಿಲ್ಲಿಸಿ ದಂಡ ಕಟ್ಟೋದೇ ಅಗ್ಗ ಅಂತಾದ್ರೆ ಯಾವ ಲೆಕ್ಕಿಗರು ತಾನೇ ಘಟಕ ನಡೆಸಿ ಅಂತಾರೆ?

ಜೈಲು ಶಿಕ್ಷೆ ಹೋದದ್ದಕ್ಕಿಂತ ನನ್ನನ್ನ ಹೆಚ್ಚು ಕಾಡೋದು ಈ ಮೇಲ್ಮಿತಿ. ಜೈಲಿನ ಭರವಸೆ ಎಷ್ಟು ಪೊಳ್ಳು ಅಂತ ಭೋಪಾಲ್‌ನಲ್ಲೇ ನೋಡಿದ್ದೀವಿ. ಅನಿಲ ಸೋರಿದ್ದು 1984ರ ಡಿಸೆಂಬರ್‌ನಲ್ಲಿ. 1996ರಲ್ಲಿ ಸುಪ್ರೀಂ ಕೋರ್ಟು ಆರೋಪವನ್ನ ನಿರ್ಲಕ್ಷ್ಯದಿಂದಾದ ಸಾವು ಅಂತ ಇಳಿಸ್ತು. 2010ರಲ್ಲಿ ತೀರ್ಪು ಬಂತು: 2 ವರ್ಷ. ಸಾವಿರಾರು ಸಾವುಗಳಿಗೆ, 25 ವರ್ಷದ ಮೇಲೆ.

ಕಂಪನಿಗೆ ನಿಜವಾಗಿ ಬಿಸಿ ಮುಟ್ಟಿದ್ದು ಎಲ್ಲಿ? ನಮ್ಮ ಬಳ್ಳಾರಿಯಲ್ಲಿ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆ ಅಕ್ರಮ ಗಣಿಗಾರಿಕೆ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2011ರ ಜುಲೈ ಕೊನೆಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದರ ಬೆನ್ನಿಗೇ ಕೋರ್ಟು ಬಳ್ಳಾರಿಯ ಗಣಿಗಳನ್ನ ನಿಲ್ಲಿಸ್ತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನವನ್ನೂ. ಆಮೇಲೆ ಜಂಟಿ ಸರ್ವೆ ನಡೀತು. ಗುತ್ತಿಗೆ ಗಡಿ ಎಲ್ಲಿ, ಅಗೆದದ್ದು ಎಲ್ಲಿ, ಮಣ್ಣು ಸುರಿದದ್ದು ಎಲ್ಲಿ ಅಂತ ಅಳೆದು ತಪ್ಪು ಎಷ್ಟು ಅನ್ನೋದರ ಮೇಲೆ ಗಣಿಗಳನ್ನ ಎ, ಬಿ, ಸಿ ಅಂತ ಮೂರು ವರ್ಗ ಮಾಡಿದ್ರು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಎಗ್ಗಿಲ್ಲದೆ ಗಡಿ ದಾಟಿದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಬಿ ವರ್ಗದವರು ಗಡಿಯಾಚೆ ಅಗೆದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಗಡಿಯಾಚೆ ಸುರಿದ ಮಣ್ಣಿನ ರಾಶಿಗೆ ಹೆಕ್ಟೇರಿಗೆ 1 ಕೋಟಿ ಕಟ್ಟಬೇಕು. ಹಾಳಾದ ನೆಲ ಸರಿಪಡಿಸೋ ಪುನಶ್ಚೇತನ ಯೋಜನೆಗೆ ಒಪ್ಪದೆ ಮತ್ತೆ ಅಗೆಯೋ ಹಾಗಿಲ್ಲ.

ಲೆಕ್ಕ ಹಾಕಿ: 10 ಹೆಕ್ಟೇರ್ ಅಕ್ರಮ ಗುಂಡಿಗೆ 50 ಕೋಟಿ. ಹಾನಿ ಹೆಚ್ಚಿದಷ್ಟೂ ಹಣವೂ ಹೆಚ್ಚತ್ತೆ. ಇದನ್ನ ಕೋರ್ಟಿನ ಒಂದು ಪ್ರಕರಣಕ್ಕೆ ಬಿಡದೆ ಕಾಯಿದೆಯೊಳಗೇ ಬರೀಬೇಕು ಅನ್ನೋದು ನನ್ನ ಮೊದಲ ಒತ್ತಾಯ. ದಂಡ ಹಾನಿಯ ಅಳತೆಗೆ, ಇಲ್ಲವೇ ವಹಿವಾಟಿಗೆ ಅಂಟಿಕೊಂಡಿರಲಿ. ಮಾರುಕಟ್ಟೆಯಲ್ಲಿ ಕಂಪನಿಗಳ ಮೋಸದಾಟ ತಡೆಯೋ ಸ್ಪರ್ಧಾ ಕಾಯಿದೆಯಲ್ಲಿ ವಹಿವಾಟಿನ ಶೇ 10ರವರೆಗೆ ದಂಡ ಹಾಕೋದು ಸಾಧ್ಯ ಅಂದ್ಮೇಲೆ ಪರಿಸರಕ್ಕೆ ಯಾಕಾಗಲ್ಲ?

ಎರಡನೇದು ಕಂಪನಿ ಕಾಯಿದೆ. 2013ರ ಆ ಕಾಯಿದೆಯ 166ನೇ ಕಲಮು, ನಿರ್ದೇಶಕರು ಷೇರುದಾರರ ಜೊತೆಗೆ ನೌಕರರು, ಸಮುದಾಯ, ಪರಿಸರ ಇವುಗಳ ಹಿತವನ್ನೂ ನೋಡಬೇಕು ಅನ್ನತ್ತೆ. ಓದೋಕೆ ಚೆನ್ನಾಗಿದೆ. ಆದ್ರೆ ಕಂಪನಿ ಕಾನೂನು ನ್ಯಾಯಮಂಡಳಿಗೆ ಗುಂಪಾಗಿ ದಾವೆ ಹಾಕೋ 245ನೇ ಕಲಮು ಬಾಗಿಲು ತೆರೆದಿರೋದು ಷೇರುದಾರರಿಗೆ, ಠೇವಣಿದಾರರಿಗೆ ಮಾತ್ರ. ಬಾವಿ ಹಾಳಾದ ರೈತರಿಗೆ ಅಲ್ಲಿ ಜಾಗವಿಲ್ಲ. ಅವರನ್ನೂ ಆ ಪಟ್ಟಿಗೆ ಸೇರಿಸಿ.

ಕಾಯಿದೆ ಬದಲಾಗೋವರೆಗೆ ಕೂತಿರೋಕಾಗಲ್ಲ. ಈಗಿರೋ ನಿಯಮದಲ್ಲೇ ಜನ ಹಿಡೀಬಹುದಾದ ಜಾಗಗಳಿವೆ, ಅವನ್ನ ನಾವು ಬಹಳ ಸಲ ಬಿಟ್ಟುಕೊಡ್ತೀವಿ.

ಯೋಜನೆಗೆ ಪರಿಸರ ಅನುಮತಿ ಕೊಡೋ ಮೊದಲು ಊರಿನವರ ಮಾತು ಕೇಳೋ ಸಾರ್ವಜನಿಕ ಅಹವಾಲು ಸಭೆ ತಗೊಳ್ಳಿ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ, ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಪರಿಸರ ಪರಿಣಾಮ ವರದಿಯ ಕರಡು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಇರಬೇಕು. ಸಾರಾಂಶ ಕನ್ನಡದಲ್ಲೂ ಇರಬೇಕು. ಈ 30 ದಿನ ಓದೋಕೆ ಇರೋದು. ಸಭೆಗೆ ಇಷ್ಟು ಜನ ಇರಲೇಬೇಕು ಅನ್ನೋ ಕೋರಂ ಇಲ್ಲ, ನೀವು ಬಹಿಷ್ಕಾರ ಹಾಕಿದ್ರೂ ಸಭೆ ಆಯ್ತು ಅಂತಲೇ ದಾಖಲಾಗತ್ತೆ. ಎದ್ದುನಿಂತು ಬೇಡ ಬೇಡ ಅಂತ ಕೂಗಿದ್ರೆ ನಡವಳಿಯಲ್ಲಿ "ಕೆಲವರು ವಿರೋಧಿಸಿದರು" ಅನ್ನೋ ಒಂದು ಸಾಲು. ಅದರ ಬದಲು ಪುಟ ಸಂಖ್ಯೆ ಹೇಳಿ ಕೇಳಿ: ದಿನಕ್ಕೆ ಇಷ್ಟು ನೀರು ಬೇಕು ಅಂತ ಬರೆದಿದ್ದೀರಿ, ಯಾವ ಮೂಲದಿಂದ, ಬೇಸಿಗೆಯಲ್ಲಿ ಎಲ್ಲಿಂದ? ಅದಕ್ಕೆ ಕಂಪನಿ ಕೊಟ್ಟ ಉತ್ತರವೂ ದಾಖಲೆಗೆ ಸೇರತ್ತೆ, ಅನುಮತಿ ಕೊಡಬೇಕೋ ಬೇಡವೋ ಅಂತ ಶಿಫಾರಸು ಮಾಡೋ ಪರಿಣತರ ಸಮಿತಿ ಅದನ್ನ ನೋಡಲೇಬೇಕಾಗತ್ತೆ. ಅದನ್ನೇ ಲಿಖಿತವಾಗಿಯೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಸಭೆಯ ಕೊನೆ ಬಹಳ ಮುಖ್ಯ. ನಡವಳಿಯ ಸಾರವನ್ನ ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು, ಅವತ್ತೇ ಸಹಿಯಾಗಬೇಕು, ಪೂರ್ತಿ ಸಭೆಯ ವಿಡಿಯೊ ಆಗಿರಬೇಕು. ಮೂರು ಗಂಟೆ ಮಾತಾಡಿ ಸುಸ್ತಾದ ಜನ ಊಟಕ್ಕೆ ಎದ್ದು ಹೋಗೋದು ಸರಿಯಾಗಿ ಈ ಹೊತ್ತಿಗೇ. ದಯವಿಟ್ಟು ಇಬ್ಬರಾದ್ರೂ ಕೂತಿರಿ.

ಅನುಮತಿ ಸಿಕ್ಕಿಬಿಟ್ಟರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕೋಕೆ 30 ದಿನ. ಸಕಾರಣ ಇದ್ರೆ ಇನ್ನೂ 60 ದಿನ. 91ನೇ ದಿನ ಹೋದ್ರೆ ಎಷ್ಟೇ ನ್ಯಾಯ ನಿಮ್ಮ ಕಡೆ ಇದ್ರೂ ಕದ ಮುಚ್ಚಿರತ್ತೆ. ನಮ್ಮ ಪೀಠ ಇರೋದು ಚೆನ್ನೈನಲ್ಲಿ. ಹಳ್ಳಿಯವರಿಗೆ ಆದೇಶ ಹೊರಬಿದ್ದ ವಿಷಯ ತಿಳಿಯೋದೇ ಎಷ್ಟೋ ಸಲ ಎರಡು ತಿಂಗಳ ಮೇಲೆ. ಈ 30 ದಿನವನ್ನ 90 ಮಾಡಬೇಕು, ಇದು ನನ್ನ ಮೂರನೇ ಒತ್ತಾಯ.

ಕಾರ್ಖಾನೆ ಶುರುವಾದ ಮೇಲೆ? ನೀವೇ ಬಾಟಲಿಯಲ್ಲಿ ನೀರು ಹಿಡಿದು ಖಾಸಗಿ ಲ್ಯಾಬಿಗೆ ಕೊಟ್ಟರೆ ಅದು ದೂರಿಗೆ ಬಲ ಕೊಡಬಹುದು. ಆದ್ರೆ ಜಲ ಕಾಯಿದೆಯಡಿ ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲೋದು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ 21ನೇ ಕಲಮಿನ ಕ್ರಮದಲ್ಲಿ ತೆಗೆದು, ಮೊಹರು ಹಾಕಿ, ಸಹಿ ಮಾಡಿದ ಮಾದರಿ. ಹಾಗಾಗಿ ಮಂಡಳಿಯ ಪ್ರಾದೇಶಿಕ ಕಚೇರಿಗೆ ತಾರೀಕು, ಗಂಟೆ, ಜಾಗ, ಫೋಟೊ ಹಾಕಿ ದೂರು ಕೊಡಿ. ಕೊಳಚೆ ಬಿಡೋದು ರಾತ್ರಿ ಅಂದ್ರೆ ರಾತ್ರಿಯೇ ಮಾದರಿ ತೆಗೀಬೇಕು ಅಂತ ಬರೀರಿ. ಬೆಳಿಗ್ಗೆ 11ಕ್ಕೆ ಬಂದ ಅಧಿಕಾರಿಗೆ ತಿಳಿನೀರೇ ಸಿಗೋದು.

ಹಿಡಿಯೋಕೆ ಇನ್ನೊಂದು ಜಾಗ: ಅನುಮತಿ ಪತ್ರದ ಷರತ್ತುಗಳನ್ನ ಪಾಲಿಸ್ತಾ ಇದ್ದೀವಿ ಅಂತ ಕಂಪನಿ ಪ್ರತಿ ವರ್ಷ ಜೂನ್ 1, ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ, ಯಾರು ಅರ್ಜಿ ಹಾಕಿದ್ರೂ ಪ್ರತಿ ಕೊಡಬೇಕು. ಮಾಹಿತಿ ಹಕ್ಕಿನಡಿ ಕೇಳೋದಾದ್ರೆ 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಊರಿನ ಕಥೆಯೆಲ್ಲ ಬರೆದ ಅರ್ಜಿಗಳು ತಿರಸ್ಕಾರವಾಗೋದು ಇದಕ್ಕೇ. ಕೇಂದ್ರ ಪರಿಸರ ಸಚಿವಾಲಯಕ್ಕೆ ಕೇಳೋದಾದ್ರೆ ಒಂದೇ ವಿಷಯ ಅನ್ನೋ ಕಟ್ಟುಪಾಡು ಇಲ್ಲ. ಕಂಪನಿ ಹೆಸರು, ಅನುಮತಿ ಪತ್ರದ ಸಂಖ್ಯೆ, ಕಳೆದ ನಾಲ್ಕು ವರದಿಗಳ ಪ್ರತಿ: ಇಷ್ಟು ಬರೆದ್ರೆ ಸಾಕು. ವರದಿ ಬಂದ ಮೇಲೆ ಷರತ್ತುಪತ್ರ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಸಾಲು ತಾಳೆ ನೋಡಿ. ಶೇ 33 ಜಾಗದಲ್ಲಿ ಮರ ಬೆಳೆಸಿದ್ದೀವಿ ಅಂತ ಬರೆದಿದ್ರೆ, ಬೇಲಿ ಪಕ್ಕ ನಡೆದುಕೊಂಡು ಹೋಗಿ ಎಣಿಸೋದು ಅರ್ಧ ದಿನದ ಕೆಲಸ.