‘ಬ್ರೋ’ ಎನ್ನುವವರ ಪರವಾಗಿ

ನಮಸ್ಕಾರ. ‘ಬ್ರೋ’ ಎಂಬ ಸಂಬೋಧನೆ ಕಿವಿಗೆ ಬಿದ್ದೊಡನೆ ಕನ್ನಡ ಕೆಟ್ಟಿತೆಂದು ನೊಂದುಕೊಳ್ಳುವ ಹಿರಿಯರು ಕುಮಟಾದಲ್ಲಿಯೂ ಇದ್ದಾರೆ, ಶಿರಸಿಯಲ್ಲಿಯೂ ಇದ್ದಾರೆ. ಅವರ ನೋವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಮ್ಮ ಉತ್ತರ ಕನ್ನಡದಲ್ಲಿ ಈ ಪುಟ್ಟ ಪದವು ನಮ್ಮ ಹಳೆಯ ಸಂಬೋಧನೆಗಳು ಮಾಡದಿದ್ದ ಒಂದು ಕೆಲಸವನ್ನು ಮಾಡುತ್ತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಇಂಗ್ಲಿಷಿನ ‘ಬ್ರದರ್’ ಪದದ ಮೊಟಕು ರೂಪ. ಪೂರ್ತಿ ಪದವನ್ನು ಬರೆಯದೆ ಮೊದಲ ಮೂರು ಅಕ್ಷರಗಳ ಮುಂದೆ ಚುಕ್ಕಿಯಿಟ್ಟು ಬಿಡುವ ರೂಢಿ 17ನೆಯ ಶತಮಾನದಷ್ಟು ಹಳೆಯದು. ‘ಬ್ರದರ್’ ಎನ್ನುವಾಗ ಕೇಳಿಸದ ಓಕಾರ ‘ಬ್ರೋ’ದಲ್ಲಿ ಕೇಳಿಸುವುದಕ್ಕೆ, ಹಾಗೆ ಬರೆದುದನ್ನು ಕಂಡಂತೆ ಓದಿದ್ದೇ ಕಾರಣ. ಒಡಹುಟ್ಟದವನನ್ನೂ ಸಹೋದರನೆಂದು ಕರೆಯುವ ವಾಡಿಕೆಗೆ 20ನೆಯ ಶತಮಾನದಲ್ಲಿ ಬಲ ತುಂಬಿದವರು ಅಮೆರಿಕದ ಕಪ್ಪು ಜನ. ಮುಪ್ಪಾದ ಕಪ್ಪು ಗಂಡಸನ್ನೂ ಬಿಳಿಯರು ‘ಬಾಯ್’ ಎಂದು, ಅಂದರೆ ಹುಡುಗನೆಂದು ಕರೆಯುತ್ತಿದ್ದ ಕಾಲದಲ್ಲಿ, ತಮ್ಮವರನ್ನು ತಾವು ‘ಬ್ರದರ್’ ಎನ್ನುವುದು ಅವರಿಗೆ ಮಾನದ ಪ್ರಶ್ನೆಯಾಗಿತ್ತು. ಆ ಮಾತೇ ಮುಂದೆ ಕಿರಿದಾಗಿ ಕಾಲೇಜು ಹುಡುಗರ ನಾಲಗೆಗೂ, ಕೊನೆಗೆ ಮೊಬೈಲ್ ಸಂದೇಶಗಳ ಮೂಲಕ ನಮ್ಮ ಹುಡುಗರ ನಾಲಗೆಗೂ ಬಂದಿತು. ದೂರದಲ್ಲಿದ್ದವರನ್ನು ‘ಅಣ್ಣೋ’, ‘ತಮ್ಮೋ’ ಎಂದು ಓಕಾರ ಎಳೆದು ಕೂಗುವ ನಮಗೆ ಅದು ಪರಕೀಯವಾಗಿ ಕೇಳಿಸದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಈಗ ನಮ್ಮ ಜಿಲ್ಲೆಯ ರೂಢಿಯನ್ನು ನೋಡೋಣ. ಇಲ್ಲಿ ಗೌರವದಿಂದ ಕರೆಯುವುದೆಂದರೆ ಬಹುಮಟ್ಟಿಗೆ ಅಡ್ಡಹೆಸರಿನಿಂದ ಕರೆಯುವುದು: ಹೆಗಡೇರೆ, ಭಟ್ರೆ, ನಾಯ್ಕರೆ, ಗೌಡ್ರೆ, ಶೆಟ್ರೆ. ಕೇಳಲು ಇಂಪಾದ ಈ ಕರೆಗಳಲ್ಲಿ ಆತ್ಮೀಯತೆ ಇದೆ ಎಂಬುದು ನಿಜ, ಆದರೆ ಅಡ್ಡಹೆಸರು ತಿಳಿಯಿತೆಂದರೆ ಹೆಚ್ಚಿನ ಸಂದರ್ಭಗಳಲ್ಲಿ ಜಾತಿಯೂ ತಿಳಿದಂತೆ; ಹೊಸಬರೊಬ್ಬರು ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಾಗ ‘ಯಾವೂರು’ ಎಂಬ ಪ್ರಶ್ನೆಯ ಹಿಂದೆಯೇ ‘ಅಡ್ಡಹೆಸರು ಏನು’ ಎಂಬ ಪ್ರಶ್ನೆಯೂ ಬರುವುದು, ಅವರನ್ನು ಹೇಗೆ ಕರೆಯಬೇಕೆಂಬುದು ಅದರಿಂದಲೇ ತೀರ್ಮಾನವಾಗುವುದು ನಮಗೆಲ್ಲ ಗೊತ್ತಿರುವ ಸಂಗತಿ. ಮೇಲಾಗಿ, ಕೊನೆಯ ಆ ‘ರೇ’ ಎಂಬ ಮರ್ಯಾದೆ ಎಲ್ಲರಿಗೂ ಸಿಗುತ್ತಿರಲಿಲ್ಲ. ಗದ್ದೆ ತೋಟಗಳಲ್ಲಿ ದುಡಿಯುತ್ತಿದ್ದ ವಯಸ್ಸಾದವರನ್ನು ಒಡೆಯರ ಮನೆಯ ಮಕ್ಕಳೂ ಬರಿಯ ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದರು, ಕೆಲವು ಕಡೆ ಈಗಲೂ ಕರೆಯುತ್ತಾರೆ. ಇಂತಹ ನೆಲದಲ್ಲಿ ಇಪ್ಪತ್ತರ ಹರೆಯದ ಒಬ್ಬನು ಅಡ್ಡಹೆಸರನ್ನು ವಿಚಾರಿಸದೆ ಇನ್ನೊಬ್ಬನನ್ನು ‘ಬ್ರೋ’ ಎಂದು ಕರೆದು ಮಾತಿಗೆ ತೊಡಗುವುದನ್ನು ಕಂಡಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ.

ಕಾರವಾರದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಕೊಂಕಣಿ, ಕನ್ನಡಗಳೆರಡೂ ಮನೆಮಾತಾಗಿರುವ, ನೌಕಾನೆಲೆ ಮತ್ತು ಕೈಗಾದ ಅಣು ವಿದ್ಯುತ್ ಸ್ಥಾವರಗಳಿಂದಾಗಿ ಹಲವು ರಾಜ್ಯಗಳ ಜನ ಬಂದು ನೆಲಸಿರುವ ಈ ಊರಿನಲ್ಲಿ, ಎದುರಿಗಿರುವವರನ್ನು ಯಾವ ಭಾಷೆಯಲ್ಲಿ ಕರೆಯಬೇಕೆಂಬುದೇ ಮೊದಲ ತೊಡಕು; ‘ಬ್ರೋ’ ಎಂದರೆ ಆ ತೊಡಕಿಲ್ಲ. ಸಹೋದರನೆಂಬ ಅರ್ಥದ ಕೊಂಕಣಿಯ ‘ಭಾವ್’ ಸಂಸ್ಕೃತದ ಭ್ರಾತೃವಿನಿಂದ ಬಂದದ್ದು. ಭ್ರಾತೃ ಮತ್ತು ‘ಬ್ರದರ್’ ಒಂದೇ ಮೂಲದ ಪದಗಳು. ಆದ್ದರಿಂದ ಕಾರವಾರದ ಮಟ್ಟಿಗಂತೂ ‘ಬ್ರೋ’ ದೂರದ ನೆಂಟನೇ ಸರಿ.

ಹಾಗೆಂದು ಈ ಪದ ಎಲ್ಲ ಕಡೆಗೂ ಸಲ್ಲುತ್ತದೆಂದು ನಾನು ಹೇಳಲಾರೆ. ಇಂಗ್ಲಿಷಿನ ಪದ ಹಿರಿಯ ಕಿರಿಯರನ್ನು ಬೇರ್ಪಡಿಸುವುದಿಲ್ಲ, ಕನ್ನಡಕ್ಕೆ ಅಣ್ಣನೇ ಬೇರೆ, ತಮ್ಮನೇ ಬೇರೆ. ಘಟ್ಟದ ಮೇಲಿನ ಹವ್ಯಕರ ಮನೆಗಳಲ್ಲಿ ಹುಡುಗನನ್ನು ‘ತಮಾ’, ‘ಅಪ್ಪಿ’ ಎಂದು ಕರೆಯುವಾಗಿನ ಅಕ್ಕರೆಯನ್ನು ‘ಬ್ರೋ’ ಹೊರಲಾರದು, ಮನೆಯೊಳಗೆ ಅದರ ಅಗತ್ಯವೂ ಇಲ್ಲ. ಹೆಂಗಸರ ವಿಷಯದಲ್ಲಿ ಸಂಗತಿಯೇ ಬೇರೆ: ‘ಸಿಸ್’ ಎಂಬ ಜೋಡಿ ಪದ ನಮ್ಮಲ್ಲಿ ಬೇರೂರಲಿಲ್ಲ. ಗೆಳತಿಯರು ತಮ್ಮತಮ್ಮೊಳಗೇ ‘ಬ್ರೋ’ ಎಂದುಕೊಳ್ಳುವುದುಂಟು; ಆದರೆ ಮೀನು ಪೇಟೆಯಲ್ಲಿ ಬಂಗಡೆಯ ದರ ಕೇಳುವ ಹುಡುಗ ಪಕ್ಕದ ಗಿರಾಕಿಯನ್ನು ‘ಬ್ರೋ’ ಎಂದರೂ ಮೀನು ಮಾರುವವಳನ್ನು ‘ಅಕ್ಕಾ’ ಎಂದೇ ಕರೆಯುತ್ತಾನೆ. ಅಣ್ಣ, ಅಕ್ಕ ಎಂಬ ಮಾತುಗಳು ಅಳಿಸಿಹೋಗುತ್ತವೆಂಬ ಭಯ ಅಷ್ಟರಮಟ್ಟಿಗೆ ಬೇಡ.

ನಾನು ಹೆಚ್ಚು ಚಿಂತಿಸುವುದು ‘ಬ್ರೋ’ ಆದ ಮೇಲೆ ಬರುವ ಕ್ರಿಯಾಪದದ ಬಗ್ಗೆ. ಕನ್ನಡದಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ತುದಿಯಲ್ಲಿ. ‘ಬ್ರೋ, ಸ್ವಲ್ಪ ಸರಿದು ನಿಲ್ಲಿ’ ಎಂಬುದಕ್ಕೂ ‘ಬ್ರೋ, ಆಚೆ ಸರಿ’ ಎಂಬುದಕ್ಕೂ ಇರುವ ಅಂತರವನ್ನು ಸಂಬೋಧನೆ ಮುಚ್ಚಲಾರದು. ಸಮವಯಸ್ಕರಾದ ಗೆಳೆಯರ ನಡುವೆ ಎರಡನೆಯದು ಸಹಜ. ಆದರೆ ಅಡಿಕೆ ಮರ ಏರಿ ಕೊನೆ ಕೊಯ್ಯಲು ಬಂದ ಐವತ್ತು ದಾಟಿದ ಕೊನೆಗೌಡರನ್ನು ಮನೆಯ ಹುಡುಗ ‘ಬ್ರೋ, ಬಾ ಇಲ್ಲಿ’ ಎಂದು ಕರೆದರೆ, ಹೊಸ ಪದದ ಜೊತೆಯಲ್ಲಿ ಒಡೆಯರ ಮನೆಯ ಹಳೆಯ ಏಕವಚನವೇ ಮುಂದುವರಿದಂತಾಗುತ್ತದೆ. ಅಲ್ಲಿ ಹುಡುಗನನ್ನು ಹಿರಿಯರು ತಿದ್ದಲೇಬೇಕು, ‘ಬ್ರೋ’ ಎಂಬುದನ್ನು ತಿದ್ದದೆ ಬಿಟ್ಟರೂ ‘ಬಾ’ ಎಂಬುದನ್ನು ‘ಬನ್ನಿ’ ಎಂದು ತಿದ್ದದೆ ಬಿಡಬಾರದು.